ಕೊಟ್ಟದ್ದೋ, ಕೊಂಡದ್ದೋ: ‘ಎಲ್ಲಾ ಸೇರಿ’ ಬಾಡಿಗೆಯ ಒಂದು ಪ್ರಕರಣ

ಪ್ರವೇಶದ ಗದ್ದಲ ಮುಗಿದು ಕೆಲವು ತಿಂಗಳು ಕಳೆಯುವ ಹೊತ್ತಿಗೆ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ದೂರನ್ನು ತರುತ್ತಾರೆ. ರಾತ್ರಿ ನಿದ್ದೆ ಹತ್ತುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ತರಗತಿ ಮುಗಿದರೂ ರೂಮಿಗೆ ಹೋಗಲು ಮನಸ್ಸಾಗುವುದಿಲ್ಲ ಎನ್ನುತ್ತಾರೆ. ಮನೆಯ ನೆನಪೇ, ಪ್ರೀತಿ ಪ್ರೇಮದ ವಿಷಯವೇ, ಪರೀಕ್ಷೆಯ ಭಯವೇ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ, ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ಮಾತು ಬಂದು ನಿಲ್ಲುವುದು ಬಾಡಿಗೆ ಮನೆಯ ಗೀಸರಿನ ಸ್ವಿಚ್ಚಿನ ಹತ್ತಿರ. ಮೈಸೂರಿನಲ್ಲಿ ಸರಸ್ವತಿಪುರಂ, ಕುವೆಂಪುನಗರ, ಬೋಗಾದಿ ರಸ್ತೆಯ ಆಸುಪಾಸು, ಮಾನಸಗಂಗೋತ್ರಿಯ ಸುತ್ತಮುತ್ತ ಗೇಟುಗಳಿಗೆ ತೂಗುಬಿದ್ದ ರಟ್ಟಿನ ಫಲಕಗಳನ್ನು ನೀವು ನೋಡಿರಬಹುದು: ‘ವಿದ್ಯಾರ್ಥಿನಿಯರಿಗೆ ಮಾತ್ರ. ಕರೆಂಟು, ನೀರು ಎಲ್ಲಾ ಸೇರಿ.’ ಕೊನೆಯ ಆ ಎರಡು ಪದಗಳಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ ಎಂಬುದನ್ನು ಮನೆ ಕೊಡುವವರೂ ಹೇಳುವುದಿಲ್ಲ, ಹಿಡಿಯುವವರೂ ಕೇಳುವುದಿಲ್ಲ. ಆ ಮೌನದಿಂದ ಹುಟ್ಟಿದ ಪ್ರಕರಣವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ: ನಾನು ಕೊಟ್ಟ ಸಲಹೆಯಲ್ಲಿ ಒಂದು ಕೊರತೆಯಿತ್ತು, ಅದು ನನಗೆ ಗೊತ್ತಾದದ್ದು ತಡವಾಗಿ.

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನೂ ಯೂನಿಟ್ಟುಗಳನ್ನೂ ಲೆಕ್ಕ ಕೆಡದಂತೆ ಸ್ವಲ್ಪ ಆಚೀಚೆ ಮಾಡಿದ್ದೇನೆ.

ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆಯ ಒಂದು ಹಳ್ಳಿ ಆಕೆಯದು. ಮನೆಯಲ್ಲಿ ಕಬ್ಬು, ಜೊತೆಗೆ ಒಂದು ಸಣ್ಣ ಆಲೆಮನೆ. ಸ್ನಾತಕೋತ್ತರ ಪದವಿಗೆಂದು ಮೈಸೂರಿಗೆ ಬಂದವಳು, ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಮನೆಯ ಮೊದಲ ಮಹಡಿಯನ್ನು ಹಿಡಿದಿದ್ದಳು. ಎರಡು ಕೋಣೆ, ಅಡುಗೆಮನೆ, ಬಚ್ಚಲು. ಬಾಡಿಗೆ ಎಲ್ಲಾ ಸೇರಿ 10,500 ರೂಪಾಯಿ, ತಲೆಗೆ 3,500, ಅಡ್ವಾನ್ಸ್ 30,000. ಕರಾರು ಪತ್ರವಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲಿತ್ತು, ಅಷ್ಟೇ. ಕೆಳಗೆ ಮನೆಯ ಯಜಮಾನಿ ಮತ್ತು ನಿವೃತ್ತರಾದ ಅವರ ಪತಿ ಇದ್ದರು. ಯಜಮಾನಿಯನ್ನು ಮೂವರೂ ‘ಆಂಟಿ’ ಎಂದೇ ಕರೆಯುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನು ಕೇಳಬೇಕಾದುದನ್ನೆಲ್ಲ ಕೇಳಿದೆ. ಊಟ, ನಿದ್ದೆ, ಅಳು, ಬದುಕು ಬೇಡವೆನಿಸುವ ಯೋಚನೆ ಇವೆಲ್ಲವನ್ನೂ ವಿಚಾರಿಸಿ, ಮನೋವೈದ್ಯರ ಬಳಿಗೆ ಕಳುಹಿಸಬೇಕಾದ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಂಡೆ. ಇದನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ: ಮುಂದಿನದನ್ನು ಓದಿದವರು ಕಾಯಿಲೆಯನ್ನು ಬಿಟ್ಟು ಕರೆಂಟು ಬಿಲ್ಲಿನ ಹಿಂದೆ ಹೋದಳು ಎಂದುಕೊಳ್ಳಬಾರದು. ಎರಡನೆಯ ಭೇಟಿಯಲ್ಲಿ, ರಾತ್ರಿ ಎಷ್ಟು ಹೊತ್ತಿನವರೆಗೆ ಓದುತ್ತೀಯ ಎಂಬ ಸಾಧಾರಣ ಪ್ರಶ್ನೆಗೆ ಆಕೆ, ಹೊದಿಕೆಯೊಳಗೆ ಮೊಬೈಲಿನ ಬೆಳಕು ಹಾಕಿಕೊಂಡು ಒಂದು ಗಂಟೆಯವರೆಗೆ ಓದುತ್ತೇನೆ ಎಂದಳು. ಜೊತೆಯವರಿಗೆ ತೊಂದರೆಯಾಗಬಾರದೆಂದು ಹೀಗೆ ಮಾಡುತ್ತಿರಬೇಕೆಂದು ನಾನು ಭಾವಿಸಿದೆ. ಹಾಗಲ್ಲವಂತೆ. ಕೋಣೆಯ ಕಿಟಕಿಯ ಬೆಳಕು ಕೆಳಗೆ ತುಳಸಿಕಟ್ಟೆಯ ಮೇಲೆ ಬೀಳುತ್ತಿತ್ತು, ಅದು ಆಂಟಿಗೆ ಕಾಣುತ್ತಿತ್ತು.

ಮೂರನೆಯ ಭೇಟಿಯ ವಿಷಯವನ್ನೇ ನಾನು ವಿವರವಾಗಿ ಬರೆಯಬೇಕಾದದ್ದು.

ಆಂಟಿ ಬೈದರೇ ಎಂದು ಕೇಳಿದೆ. ಇಲ್ಲ, ಅವರು ಬಹಳ ಒಳ್ಳೆಯವರು ಎಂದಳು. ಶಿವರಾತ್ರಿ ಕಳೆದ ಮೇಲೆ ಒಮ್ಮೆ ಮೆಟ್ಟಿಲ ಬಳಿ ಎದುರಾದಾಗ, ‘ರಾತ್ರಿಯೆಲ್ಲಾ ಲೈಟ್ ಉರೀತಿತ್ತಲ್ಲಮ್ಮಾ’ ಎಂದಿದ್ದರು. ಇನ್ನೊಮ್ಮೆ, ಹಾಲಿನವನಿಗೆ ದುಡ್ಡು ಕೊಡುತ್ತಾ, ‘ನಮಗೆ ಈಚೆಗೆ ಸೊನ್ನೆ ಬಿಲ್ಲೇ ಬರ್ತಾ ಇಲ್ಲ’ ಎಂದಿದ್ದರು. ಎರಡೇ ಮಾತು. ಅಂದಿನಿಂದ ಈ ಹುಡುಗಿ ದೀಪ ಹಾಕುವುದನ್ನು ನಿಲ್ಲಿಸಿದಳು, ಗೀಸರನ್ನು ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷಕ್ಕೆ ಆರಿಸತೊಡಗಿದಳು, ಬೇಸಿಗೆಯಲ್ಲೂ ಫ್ಯಾನನ್ನು ಒಂದರಲ್ಲಿ ಇಟ್ಟು ಮಲಗಿದಳು. ಕೆಳಗಿನಿಂದ ಚಪ್ಪಲಿಯ ಸದ್ದು ಬಂದರೆ ಎದ್ದು ಕುಳಿತುಕೊಳ್ಳುತ್ತಿದ್ದಳು. ಜೊತೆಯ ಇಬ್ಬರಿಗೆ ಇದಾವುದೂ ಗೊತ್ತಿರಲಿಲ್ಲ. ಆಂಟಿಗಂತೂ ತಾನು ಅಂದ ಮಾತು ನೆನಪಿನಲ್ಲಿತ್ತೋ ಇಲ್ಲವೋ.

‘ಒಮ್ಮೆ ಕೂತು ಮಾತಾಡಬಹುದಿತ್ತಲ್ಲ?’ ಎಂದೆ.

‘ಹೆಂಗೆ ಮೇಡಂ? ಪಾಪ, ಅವ್ರು ಕರೆಂಟು ಕೊಡ್ತಾವ್ರೆ, ನೀರು ಕೊಡ್ತಾವ್ರೆ.’

ಅದುವರೆಗೆ ನನ್ನೆದುರು ಎಚ್ಚರದಿಂದ ‘ಕೊಡ್ತಿದಾರೆ’, ‘ಹೇಳ್ತಿದಾರೆ’ ಎಂದು ಮೈಸೂರಿನ ಮಾತನ್ನು ಆಡುತ್ತಿದ್ದವಳ ಬಾಯಿಂದ ಊರಿನ ಮಾತು ಹೊರಬಿತ್ತು. ಹಾಗೆ ಬಿದ್ದ ಮಾತನ್ನು ನಾನು ಬಿಡುವುದಿಲ್ಲ. ‘ಕೊಡುತ್ತಿಲ್ಲ ಕಣಮ್ಮ, ನೀನು ಕೊಳ್ಳುತ್ತಿದ್ದೀಯ. ತಿಂಗಳಿಗೆ 3,500 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದೀಯ’ ಎಂದೆ. ಚೆನ್ನಾಗಿ ಹೇಳಿದೆನೆಂಬ ಸಣ್ಣ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹಂಗಾದ್ರೆ ಯುಗಾದಿಗೆ ಒಬ್ಬಟ್ಟು ಕೊಟ್ರಲ್ಲ, ಅದನ್ನೂ ಕೊಂಡ್ಕೊಂಡೆನಾ ಮೇಡಂ?’ ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯಲ್ಲಿ ವ್ಯಂಗ್ಯವೂ ಇರಲಿಲ್ಲ, ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಆ ಒಬ್ಬಟ್ಟು ಬಂದದ್ದು ಮುಚ್ಚಳದ ಮೇಲೆ ಆಂಟಿಯ ಹೆಸರು ಕೊರೆದಿದ್ದ ಒಂದು ಸ್ಟೀಲ್ ಡಬ್ಬಿಯಲ್ಲಿ. ಅದು ಇನ್ನೂ ಆಕೆಯ ಪುಸ್ತಕಗಳ ಪಕ್ಕದಲ್ಲೇ ಇತ್ತು. ಬರಿಯ ಡಬ್ಬಿ ಹಿಂದಕ್ಕೆ ಕೊಡಬಾರದು ಎಂದು ಅವ್ವ ಹೇಳಿಕೊಟ್ಟಿದ್ದಾಳೆ. ಹಾಕಿ ಕೊಡಲು ತನ್ನ ಹತ್ತಿರ ಏನಿದೆ? ಕೊಡದೆ ಇಟ್ಟುಕೊಂಡರೆ ಡಬ್ಬಿಯನ್ನೂ ನುಂಗಿದಳು ಎನ್ನುವುದಿಲ್ಲವೇ? ಹೀಗೆ ಮೂರು ತಿಂಗಳಿನಿಂದ ಆ ಡಬ್ಬಿ, ಅದರ ಮುಚ್ಚಳದ ಮೇಲಿನ ಹೆಸರು, ದಿನವೂ ಓದಲು ಕುಳಿತಾಗ ಕಣ್ಣಿಗೆ ಬೀಳುತ್ತಿತ್ತು. ಕರೆಂಟಿನ ಋಣವೂ ಒಬ್ಬಟ್ಟಿನ ಋಣವೂ ಆಕೆಯ ಮನಸ್ಸಿನಲ್ಲಿ ಒಂದೇ ಡಬ್ಬಿಯೊಳಗೆ ಸೇರಿಹೋಗಿದ್ದವು.

ದಾಕ್ಷಿಣ್ಯ ಎನ್ನುವುದು ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ಉಣಿಸಿ ಬೆಳೆಸುವ ಗುಣ, ಅದನ್ನು ರೋಗವೆಂದು ನಾನು ಕರೆಯಲಾರೆ. ಆದರೆ ಬಾಡಿಗೆದಾರ ತನ್ನನ್ನು ಅತಿಥಿ ಎಂದುಕೊಂಡ ದಿನದಿಂದ ಕಷ್ಟ ಮೊದಲಾಗುತ್ತದೆ. ಅತಿಥಿಯಾದವನು ಸ್ನಾನಕ್ಕೆ ಬಿಸಿನೀರು ಸಾಲದೆಂದು ಹೇಳುವಂತಿಲ್ಲ, ಹಾಗೆಂದು ಮನೆಯವನಂತೆ ಇರುವಂತೆಯೂ ಇಲ್ಲ. ಈ ಹುಡುಗಿಯ ಊರಿನ ಅನುಭವವೂ ಇದಕ್ಕೆ ಒತ್ತಾಸೆಯಾಗಿತ್ತು. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತ. ತ್ರೀ ಫೇಸ್ ಬಂದ ಹೊತ್ತಿಗೆ ಎದ್ದು ಮೋಟರ್ ಹಾಕುವುದಷ್ಟೇ ಅಲ್ಲಿನ ಚಿಂತೆ. ಯೂನಿಟ್ ಎಂಬುದನ್ನು ಆಕೆ ಪಠ್ಯದಲ್ಲಿ ಓದಿದ್ದಳೇ ಹೊರತು ಬಾಳಿನಲ್ಲಿ ಕಂಡಿರಲಿಲ್ಲ. ಲೆಕ್ಕ ಗೊತ್ತಿಲ್ಲದವರಿಗೆ ಋಣ ಇಷ್ಟೇ ಎಂದು ಕಾಣುವುದಿಲ್ಲ. ಅದು ಬೆಳೆಯುತ್ತಲೇ ಹೋಗುತ್ತದೆ.

ಆದ್ದರಿಂದ ಅಂದು ನಾನು ಉಸಿರಾಟದ ಅಭ್ಯಾಸವನ್ನು ಬದಿಗಿಟ್ಟು ಒಂದು ಹಾಳೆ ತೆಗೆದುಕೊಂಡೆ. ಒಂದು ಕಿಲೋವ್ಯಾಟ್ ಶಕ್ತಿಯ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಆಕೆಯ ಕೋಣೆಯಲ್ಲಿದ್ದದ್ದು 9 ವ್ಯಾಟಿನ ಎಲ್‌ಇಡಿ ಬಲ್ಬು. ರಾತ್ರಿ ಆರು ಗಂಟೆಯಂತೆ ತಿಂಗಳಿಗೆ 180 ಗಂಟೆ ಉರಿದರೂ ಒಂದೂವರೆ ಯೂನಿಟ್ಟಿಗೆ ಕೊಂಚ ಮೇಲಾಗುತ್ತದೆ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಎಂದು ಹಿಡಿಯೋಣ ಎಂದೆ. ಆಕೆಯೇ ಗುಣಿಸಿದಳು. ಹತ್ತು ರೂಪಾಯಿಗೆ ಇಪ್ಪತ್ತೆಂಟು ಪೈಸೆ ಕಡಿಮೆ ಬಂತು. ತಪ್ಪಿರಬೇಕೆಂದು ಮತ್ತೊಮ್ಮೆ ಗುಣಿಸಿದಳು. ನಾಲ್ಕು ತಿಂಗಳು ಹೊದಿಕೆಯೊಳಗೆ ಕಣ್ಣು ಕೆಡಿಸಿಕೊಂಡು ಆಕೆ ಉಳಿಸಿದ್ದು, ಅದೂ ಆಂಟಿಗಾಗಿ ಉಳಿಸಿದ್ದು, ನಲವತ್ತು ರೂಪಾಯಿಯನ್ನೂ ಮುಟ್ಟಿರಲಿಲ್ಲ.

ನಗುತ್ತಾಳೆ ಎಂದುಕೊಂಡಿದ್ದೆ, ಅತ್ತುಬಿಟ್ಟಳು.

ಉಳಿದದ್ದನ್ನೂ ಬರೆದೆವು. 2 ಕಿಲೋವ್ಯಾಟಿನ ಗೀಸರ್ ಮೂವರಿಗೂ ಸೇರಿ ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್. 75 ವ್ಯಾಟಿನ ಎರಡು ಫ್ಯಾನುಗಳು ರಾತ್ರಿ ಎಂಟು ಗಂಟೆ ತಿರುಗಿದರೆ 36. ಅಡುಗೆಗೆ ಏನಿದೆ ಎಂದು ಕೇಳಿದೆ. ಮೂವರಲ್ಲಿ ಒಬ್ಬಳ ಇಂಡಕ್ಷನ್ ಒಲೆ ಇತ್ತು. ಅನ್ನ, ಸಾರು ಎಲ್ಲವೂ ಅದರ ಮೇಲೆಯೇ ಆಗುತ್ತಿತ್ತು. ದಿನಕ್ಕೆ ಒಂದು ಗಂಟೆ, ಸುಮಾರು ಒಂದೂವರೆ ಕಿಲೋವ್ಯಾಟ್ ಎಂದರೆ 45 ಯೂನಿಟ್. ಎಲ್ಲ ಕೂಡಿ 110ರ ಆಚೀಚೆ, 700 ರೂಪಾಯಿಯ ಒಳಗೆ. ಮೂವರ ಬಾಡಿಗೆಯ 10,500ರಲ್ಲಿ ಈ ಏಳುನೂರು ಮೊದಲೇ ಕುಳಿತಿದೆಯಲ್ಲ, ಆಂಟಿಗೆ ನಷ್ಟವೆಲ್ಲಿ ಎಂದೆ. ಆಕೆಯ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಅರ್ಧ ಸತ್ಯವನ್ನು ಹೇಳಿ ಕಳುಹಿಸಿದಂತಾಗುತ್ತಿತ್ತು. ಆಂಟಿಯ ಎರಡನೆಯ ಮಾತು, ಆ ಸೊನ್ನೆ ಬಿಲ್ಲಿನ ಮಾತು, ನನ್ನ ತಲೆಯಲ್ಲಿ ಉಳಿದಿತ್ತು. ನಮ್ಮ ಮನೆಯ ಮೇಲೂ ಬಾಡಿಗೆಗೆ ಇಬ್ಬರು ಹುಡುಗರಿರುವುದರಿಂದ ಆ ಮಾತಿನ ಹಿಂದಿನ ಕಥೆ ನನಗೆ ಗೊತ್ತಿತ್ತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಕಣ್ಣುಮುಚ್ಚಿ 200 ಯೂನಿಟ್ ಉಚಿತವಲ್ಲ. 2022-23ರ ಸಾಲಿನಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡ 10 ಸೇರಿಸಿದರೆ ಬರುವುದು ಆ ಮನೆಯ ಮಿತಿ (ಬಳಕೆ ತೀರ ಕಡಿಮೆಯಿದ್ದ ಮನೆಗಳ ಲೆಕ್ಕ ಬೇರೆ). ಆ ಮಿತಿಯನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಲೆಕ್ಕವೆಲ್ಲ ನಡೆಯುವುದು ಮೀಟರಿನ ಆರ್‌ಆರ್ ಸಂಖ್ಯೆಯ ಮೇಲೆ, ಅಂದರೆ ಆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಯ ಮೇಲೆ. ಕೆಳಗಿನ ಮನೆಗೂ ಮೇಲಿನ ಮಹಡಿಗೂ ಒಂದೇ ಮೀಟರಿದ್ದರೆ ಎರಡು ಸಂಸಾರಗಳ ಬಳಕೆ ಒಂದೇ ಬಿಲ್ಲಿಗೆ ಬೀಳುತ್ತದೆ.

ಒಂದು ಅಂದಾಜು ಹಾಕಿದೆವು. ಆಂಟಿಯ ಮನೆಯ ಹಳೆಯ ಸರಾಸರಿ 120 ಇದ್ದರೆ ಮಿತಿ 132. ಅವರಿಬ್ಬರೇ ಇದ್ದಾಗ ಬಿಲ್ ಸೊನ್ನೆ. ಹುಡುಗಿಯರು ಬಂದ ಮೇಲೆ 120ಕ್ಕೆ 112 ಸೇರಿ 232. ಇನ್ನೂರರ ಗೆರೆ ದಾಟಿದ್ದರಿಂದ 232 ಯೂನಿಟ್ಟಿಗೂ ಹಣ, ಅಂದರೆ ಸುಮಾರು 1,400 ರೂಪಾಯಿ, ನಿಗದಿತ ಶುಲ್ಕ ಬೇರೆ. ಹುಡುಗಿಯರು ಉರಿಸಿದ್ದು ಏಳುನೂರರಷ್ಟು. ಆಂಟಿಯ ಕೈಯಿಂದ ಹೋದದ್ದು ಅದರ ಎರಡರಷ್ಟು. ಹುಡುಗಿಯ ಲೆಕ್ಕವೂ ಸರಿ, ಆಂಟಿಯ ಸಂಕಟವೂ ಸರಿ. ಇಂಡಕ್ಷನ್ ಒಲೆ ಒಂದನ್ನು ತೆಗೆದರೆ ಒಟ್ಟು ಬಳಕೆ 187ಕ್ಕೆ ಇಳಿಯುತ್ತದೆ. ಮಿತಿ ದಾಟಿದ 55 ಯೂನಿಟ್ಟಿಗೆ ಕಟ್ಟಬೇಕಾದದ್ದು 330 ರೂಪಾಯಿಯಷ್ಟು. ದೀಪವನ್ನು ಬೆಳಗಿನವರೆಗೆ ಉರಿಸಿದರೂ ಈ ಲೆಕ್ಕ ಕೆಡುವುದಿಲ್ಲ.

ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಳ್ಳುತ್ತಾ ಆಕೆ, ‘ಆಂಟಿ ಇದನ್ನ ಯಾಕೆ ನೇರವಾಗಿ ಹೇಳ್ಲಿಲ್ಲ ಮೇಡಂ?’ ಎಂದಳು. ನೀನು ಯಾಕೆ ಕೇಳಲಿಲ್ಲವೋ ಅದೇ ಕಾರಣಕ್ಕೆ ಎಂದೆ. ಎಲ್ಲಾ ಸೇರಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದವರಿಗೆ, ಮಕ್ಕಳಿಂದ ಮತ್ತೆ ಕರೆಂಟಿನ ದುಡ್ಡು ಕೇಳುವುದೆಂದರೆ ಮಾತು ತಪ್ಪಿದಂತೆ. ಆದ್ದರಿಂದ ಅವರು ಮೆಟ್ಟಿಲ ಮೇಲೆ ಅರ್ಧ ಮಾತು ಆಡುತ್ತಾರೆ. ನೀರಿನ ಮೋಟರಿನ ವಿಷಯದಲ್ಲಿ ನಾನೂ ನಮ್ಮ ಮನೆಯ ಹುಡುಗರಿಗೆ ಅಂಥ ಅರ್ಧ ಮಾತನ್ನು ಆಡಿದ್ದುಂಟು. ಆ ಹೊತ್ತಿನಲ್ಲಿ ನೆನಪಾದರೂ ಆಕೆಗೆ ಹೇಳಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಡಬ್ಬಿ ಹಿಂದಿರುಗಿಸು. ಒಬ್ಬಟ್ಟಿಗೆ ಒಬ್ಬಟ್ಟಿನ ಲೆಕ್ಕದಲ್ಲೇ ಮರುಪಾವತಿಯಾಗಲಿ. ಅದು ಆದ ಮೇಲೆ, ಅದೇ ದಿನವಲ್ಲ, ಬೇರೊಂದು ದಿನ ಹಗಲು ಹೊತ್ತಿನಲ್ಲಿ, ಮೂವರೂ ಒಟ್ಟಿಗೆ ಹೋಗಿ ಕುಳಿತು ಮಾತಾಡಿ. ಮೆಟ್ಟಿಲ ಮೇಲೆ ಬೇಡ, ಬಾಡಿಗೆ ಕೊಡುವ ದಿನ ಬೇಡ. ‘ನಮ್ಮಿಂದ ನಿಮ್ಮ ಬಿಲ್ ಹೆಚ್ಚಾಗಿರಬಹುದು, ಬಿಲ್ಲನ್ನು ಒಮ್ಮೆ ನೋಡಬಹುದೇ’ ಎಂದು ಆರಂಭಿಸಿ. ಕ್ಷಮೆ ಕೇಳಬೇಡಿ, ದೂರನ್ನೂ ಹೇಳಬೇಡಿ. ಮುಂದೆ ಬಾಡಿಗೆಯಲ್ಲಿ ಎಷ್ಟು ಯೂನಿಟ್ಟಿನವರೆಗೆ ಸೇರಿದೆ, ಅದಕ್ಕೆ ಮೇಲಾದರೆ ಯಾರು ಕಟ್ಟಬೇಕು, ವಾಣಿ ವಿಲಾಸದ, ಅಂದರೆ ನಗರದ ನಲ್ಲಿಯ, ನೀರು ಬಾರದ ದಿನ ಟ್ಯಾಂಕರ್ ತರಿಸಿದರೆ ಅದರ ಖರ್ಚು ಯಾರದು, ಬಿಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಹಿಡಿಯುವುದು ಎಷ್ಟು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ರುಜು ಹಾಕಿ. ತಿಂಗಳ ಮೊದಲ ದಿನ ಮೀಟರಿನ ಫೋಟೊ ತೆಗೆದಿಡಿ. ಮೇಲಿನ ಮಹಡಿಗೆ ಸಬ್ ಮೀಟರ್ ಹಾಕಿಸಿದರೆ ಯಾರ ಬಳಕೆ ಎಷ್ಟೆಂದು ತಿಳಿಯುತ್ತದೆ, ಆದರೆ ಬಿಲ್ಲೇನೂ ಅದರಿಂದ ಇಳಿಯುವುದಿಲ್ಲ. ಬೇರೆ ಆರ್‌ಆರ್ ಸಂಖ್ಯೆಯ ಪ್ರತ್ಯೇಕ ಮೀಟರ್ ಬಂದರೆ ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಈ ಎರಡಕ್ಕಿರುವ ವ್ಯತ್ಯಾಸ ಎಷ್ಟೋ ಮನೆ ಮಾಲೀಕರಿಗೂ ತಿಳಿಯದು.

ಬರವಣಿಗೆಗೆ ನಾನು ಇಷ್ಟು ಒತ್ತು ಕೊಡುವುದನ್ನು ಕೆಲವು ಸಹೋದ್ಯೋಗಿಗಳು ಒಪ್ಪುವುದಿಲ್ಲ. ವಕೀಲಿಕೆ ನಮ್ಮ ಕೆಲಸವಲ್ಲ, ಮನಸ್ಸು ಗಟ್ಟಿಯಾದರೆ ಹುಡುಗಿ ತಾನೇ ದಾರಿ ಕಂಡುಕೊಳ್ಳುತ್ತಾಳೆ ಎನ್ನುತ್ತಾರೆ. ನಾನು ವಕೀಲೆಯಲ್ಲ, ನಿಜ. ಆದರೂ ಎರಡು ವಿಷಯ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು ಎನ್ನುವುದು ನನ್ನ ಹಟ. ಕರಾರು ಪತ್ರವನ್ನು 11 ತಿಂಗಳಿಗೆ ಮಾಡುವ ರೂಢಿ ಬಂದದ್ದು, ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆನ್ನುವ 1908ರ ನೋಂದಣಿ ಕಾಯ್ದೆಯಿಂದಾಗಿ. ಅದು ಹನ್ನೊಂದು ತಿಂಗಳಾದ ಮೇಲೆ ಹೊರಹಾಕುವ ಸಂಚೇನೂ ಅಲ್ಲ. ಇನ್ನೊಂದು ಹೆಚ್ಚು ಮುಖ್ಯವಾದದ್ದು: ಬೇರೆ ಕರಾರು ಇಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಸಾಕು. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಹದಿನೈದು ದಿನದಲ್ಲಿ ಮನೆ ಬಿಡಬೇಕಾಗಿ ಬಂದ ಹುಡುಗನಿಗೆ ಯಾವ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ನಿದ್ದೆ ಬಂದೀತು? ಎರಡು ತಿಂಗಳ ನೋಟಿಸ್ ಎಂದು ಒಂದು ಸಾಲು ಬರೆಸಿಕೊಂಡಿದ್ದರೆ ಅವನು ನನ್ನ ಬಳಿಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ.

ಆಕೆಯ ತಂದೆಯಿಂದಲೂ ಕೇಳಬೇಕಾಯಿತು. ಮಗಳು ಆಲೆಮನೆಯ ಬೆಲ್ಲ ಬೇಕೆಂದು, ಆಮೇಲೆ ಬಾಡಿಗೆಯ ಪತ್ರ ಬರೆಸಬೇಕೆಂದು ಫೋನ್ ಮಾಡಿದಾಗ ಗಾಬರಿಗೊಂಡ ಅವರು ನನ್ನ ನಂಬರನ್ನು ಅವಳಿಂದಲೇ ಪಡೆದು ಕರೆ ಮಾಡಿದರು. ‘ಮೇಡಮ್ನೋರೆ, ನೀವು ಮನಸ್ಸಿಗೆ ಧೈರ್ಯ ಹೇಳೋರೋ, ಮನೆ ಬಾಡಿಗೆಗೆ ಮಾಡಿಸ್ಕೊಡೋರೋ? ಒಳ್ಳೆ ಜನ ಅಂತ ಬಿಟ್ಟಿದ್ದೀವಿ, ಪತ್ರ ಗಿತ್ರ ಅಂದ್ರೆ ಅವ್ರು ಏನಂದ್ಕೋತಾರೆ?’ ಒಳ್ಳೆಯ ಜನರೆಂದೇ ಬರೆಸಬೇಕು, ಕೆಟ್ಟವರಾದರೆ ಬರೆದರೂ ಅಷ್ಟಕ್ಕಷ್ಟೇ ಎಂದೆ. ಕಬ್ಬಿನ ತೂಕದ ಚೀಟಿ ಪಡೆಯದೆ ಕಾರ್ಖಾನೆಗೆ ಲೋಡು ಇಳಿಸುತ್ತೀರಾ ಎಂದೂ ಕೇಳಿದೆ. ಅವರು ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ಭೇಟಿಗೆ ಆಕೆ ಬಂದದ್ದು ಹದಿನೈದು ದಿನಗಳ ಮೇಲೆ. ಡಬ್ಬಿಯ ತುಂಬ ಅಚ್ಚು ಬೆಲ್ಲ ಹಾಕಿ ಕೊಟ್ಟಿದ್ದಳು. ಆಂಟಿ ಮುಚ್ಚಳ ತೆಗೆದು ಮೂಸಿ, ‘ಇದು ಅಂಗಡೀದಲ್ಲ’ ಎಂದು ಗಂಡನನ್ನು ಕರೆದು ತೋರಿಸಿದರಂತೆ. ನಾಲ್ಕು ದಿನ ಬಿಟ್ಟು ಮಾತಾಡಲು ಹೋದಾಗ ಬಿಲ್ಲುಗಳ ಕಟ್ಟನ್ನೇ ತಂದು ಹರಡಿದರು. ನಮ್ಮ ಅಂದಾಜು ಹೆಚ್ಚು ದೂರವೇನೂ ಇರಲಿಲ್ಲ. ಅವರಿಗೂ ಹಗುರವಾದಂತಿತ್ತು. ಪ್ರತ್ಯೇಕ ಮೀಟರಿಗೆ ಕೆ.ಇ.ಬಿ. ಆಫೀಸಿನಲ್ಲಿ ವಿಚಾರಿಸುತ್ತೇನೆ ಎಂದರು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬಂದು ಎಷ್ಟು ಕಾಲವಾದರೂ ನಮ್ಮ ಊರಿನ ಬಾಯಲ್ಲಿ ಅದು ಕೆ.ಇ.ಬಿ.ಯೇ. ಅಲ್ಲಿಯವರೆಗೆ ಇಂಡಕ್ಷನ್ ಬದಲು ಅಡುಗೆಮನೆಯಲ್ಲಿ 5 ಕೆ.ಜಿ. ಸಿಲಿಂಡರ್ ಇಟ್ಟುಕೊಳ್ಳುವುದು, ಮೀಟರ್ 200 ದಾಟಿದ ತಿಂಗಳು ಬಿಲ್ಲಿನ ಅರ್ಧವನ್ನು ಹುಡುಗಿಯರು ಕಟ್ಟುವುದು ಎಂದು ಬರೆದುಕೊಂಡರು. ಆಕೆ ಈಗ ಮೇಜಿನ ಮುಂದೆ, ದೀಪದ ಕೆಳಗೆ ಕುಳಿತು ಓದುತ್ತಿದ್ದಾಳೆ, ನಿದ್ದೆಯೂ ಬರುತ್ತಿದೆ.

ಆ ಮಾತುಕತೆಗೆ ಮೂವರೂ ಹೋಗಿದ್ದರಲ್ಲ, ಮೂರನೆಯವಳು ಏನೆಂದಳು ಎಂದು ಕೇಳಿದೆ. ಇಂಡಕ್ಷನ್ ಅವಳದೇ ಆಗಿತ್ತು.

‘ಏನೂ ಅನ್ಲಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡ್ತೀನಿ ಅಂದಳು.’

ಅವಳ ಒಲೆ ಇದ್ದದ್ದು ಅಡುಗೆಮನೆಯಲ್ಲಲ್ಲ, ಕೋಣೆಯಲ್ಲಿ. ಮೂವರ ಅನ್ನ, ಸಾರು ಆದ ಮೇಲೆ, ಬಾಗಿಲು ಹಾಕಿಕೊಂಡು, ಅವಳು ಅದರ ಮೇಲೆ ಎರಡು ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದಳು. ಅಡುಗೆಮನೆಯ ಗವಾಕ್ಷಿ ಕೆಳಗಿನ ದೇವರ ಮನೆಯ ಕಡೆಗೆ ತೆರೆಯುತ್ತಿತ್ತು. ಮನೆ ತೋರಿಸುವಾಗ ಆಂಟಿ ಮೊಟ್ಟೆಯ ವಿಷಯ ಎತ್ತಿರಲಿಲ್ಲ. ಸರನೇಮು ಕೇಳಿದ್ದರು, ಅಷ್ಟೇ. ಅದರಲ್ಲಿ ಎಲ್ಲ ಹೇಳಿದಂತಾಯಿತೆಂದು ಅವರು ತಿಳಿದರು, ಎಲ್ಲ ಅರ್ಥವಾಯಿತೆಂದು ಅವಳೂ ತಿಳಿದಳು. ನನ್ನ ಹಾಳೆಯಲ್ಲಿ 45 ಯೂನಿಟ್ಟಾಗಿ ಕಂಡದ್ದು ಆ ಹುಡುಗಿಗೆ ತನ್ನ ಊಟವನ್ನು ತಾನು ಉಣ್ಣಲು ಉಳಿದಿದ್ದ ಒಂದೇ ದಾರಿಯಾಗಿತ್ತು. ಗ್ಯಾಸ್ ಒಲೆಗೆ ಒಪ್ಪಲು ಅವಳಿಂದಾಗಲಿಲ್ಲ, ಏಕೆ ಆಗುವುದಿಲ್ಲವೆಂದು ಆ ಕೋಣೆಯಲ್ಲಿ ಕುಳಿತು ಹೇಳಲೂ ಆಗಲಿಲ್ಲ. ಈಗ ಬೇರೆ ಬಡಾವಣೆಯ ಒಂದು ಪಿ.ಜಿ.ಯಲ್ಲಿದ್ದಾಳೆ. ಅಲ್ಲಿಯೂ ಎಲ್ಲಾ ಸೇರಿಯೇ.

ಮೂವರೂ ಒಟ್ಟಿಗೆ ಹೋಗಿ ಎಂದವಳು ನಾನು. ಹೋಗುವ ಮುನ್ನ ಮೂವರೂ ಒಟ್ಟಿಗೆ ಕುಳಿತು ಒಬ್ಬೊಬ್ಬರಿಗೂ ಬಿಡಲಾಗದ್ದು ಯಾವುದು ಎಂದು ಕೇಳಿಕೊಳ್ಳಿ ಎನ್ನುವುದನ್ನು ನಾನು ಹೇಳಿರಲಿಲ್ಲ. ಎದುರಿಗೆ ಕುಳಿತವರ ನೋವನ್ನು ಕೇಳುವುದು ನನ್ನ ಕೆಲಸ, ಎದುರಿಗಿಲ್ಲದ ಮೂರನೆಯವಳನ್ನು ನಾನು ಒಲೆಯ ವ್ಯಾಟೇಜಾಗಿ ಮಾತ್ರ ನೋಡಿದೆ. ಈಗ ಬಾಡಿಗೆಯ ವಿಷಯ ಹೇಳಿಕೊಂಡು ಬರುವವರಿಗೆ, ಕರೆಂಟು ಎಷ್ಟು ಯೂನಿಟ್ ಎಂದು ಕೇಳುವ ಮೊದಲು ಮನೆಯಲ್ಲಿ ಏನು ಬೇಯಿಸಬಹುದು, ಏನು ಬೇಯಿಸಬಾರದು ಎಂಬುದನ್ನು ಬಾಯಿಬಿಟ್ಟು ಕೇಳಿ ಎನ್ನುತ್ತೇನೆ. ಕೇಳಿದರೆ ಮನೆ ಸಿಗುವುದಿಲ್ಲ ಎಂದು ಒಬ್ಬ ಹುಡುಗ ಮೊನ್ನೆ ಹೇಳಿದ. ಅವನ ಮಾತಿನಲ್ಲೂ ನಿಜವಿದೆ.

ಕೊನೆಯ ಭೇಟಿಯಲ್ಲಿ ಆಕೆ ಎದ್ದು ಬಾಗಿಲವರೆಗೆ ಹೋದವಳು ನಿಂತು, ‘ಅವಳಿಗೆ ಫೋನ್ ಮಾಡ್ಲಾ ಮೇಡಂ?’ ಎಂದಳು. ಮಾಡು, ಅಡ್ವಾನ್ಸಿನ ವಿಷಯದಿಂದ ಮಾತ್ರ ಶುರು ಮಾಡಬೇಡ ಎಂದೆ. ಭಾನುವಾರ ಮಾಡುತ್ತೇನೆ ಎಂದಳು. ಆಮೇಲೆ ಪರೀಕ್ಷೆಗಳು ಬಂದವು, ಆಕೆ ಮತ್ತೆ ನನ್ನ ಬಳಿಗೆ ಬರಲಿಲ್ಲ.